ಶಾಲು ಹೊದಿಸಲು ಕರೆದವರಿಗೆ, ಬಾರದೆ ಉಳಿದ ದೊಡ್ಡವ್ವನ ಬಹಿರಂಗ ಪತ್ರ

ಸನ್ಮಾನ ಸಮಿತಿಯ ಹಿರಿಯರಿಗೆ, ಹಾಗೆಯೇ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಒಂದು ಕೋಣೆ ಖಾಲಿ ಇಟ್ಟುಕೊಂಡಿರುವ ಎಲ್ಲ ಮನೆಯವರಿಗೆ,

ಶರಣು ಶರಣಾರ್ಥಿ.

ಕಳೆದ ತಿಂಗಳು ನಿಮ್ಮ ಕಾರ್ಯಕ್ರಮಕ್ಕೆ ನಾನೂ ನಮ್ಮ ಮನೆಯವರೂ ಬರಲಿಲ್ಲ. ವೇದಿಕೆಯ ಮೇಲಿಂದ ನಮ್ಮ ಹೆಸರನ್ನು ಎರಡು ಸಲ ಕೂಗಿದಿರಂತೆ, ಎರಡು ಕುರ್ಚಿ ಖಾಲಿ ಉಳಿದವಂತೆ. ಅದಕ್ಕೆ ಕ್ಷಮೆ ಇರಲಿ. ಮೂರನೆಯ ದಿನ ನಿಮ್ಮಲ್ಲೊಬ್ಬರು ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಮನೆಗೇ ತಂದುಕೊಟ್ಟರು. ಫಲಕದ ಮೇಲೆ ‘ತ್ಯಾಗಮಯಿ ದಂಪತಿ’ ಎಂದು ಬರೆದಿತ್ತು. ಹಣ್ಣು ತಿಂದೆವು. ಫಲಕವನ್ನು ಎಲ್ಲಿ ಇಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಬರದಿದ್ದುದಕ್ಕೆ ಕಾರಣ ಅಹಂಕಾರವಲ್ಲ. ಕರೆಯೋಲೆಯಲ್ಲಿ ‘ಮಗುವಿನೊಂದಿಗೆ ಬನ್ನಿ’ ಎಂದಿತ್ತು. ನಮ್ಮ ಮನೆಯಲ್ಲಿರುವ ಹುಡುಗಿ ಪೋಷಕತ್ವದ ಮೇಲೆ ಬಂದವಳು. ಕಚೇರಿಯವರು ಫಾಸ್ಟರ್ ಕೇರ್ ಎನ್ನುತ್ತಾರಲ್ಲ, ಅದು; ದತ್ತು ಅಲ್ಲ, ಬೇರೆಯವರ ಮಗುವನ್ನು ಕೆಲಕಾಲ ಮನೆಯಲ್ಲಿಟ್ಟುಕೊಂಡು ಸಾಕುವುದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಪತ್ರಿಕೆ, ಟಿವಿಗಳಲ್ಲಿ ಬಹಿರಂಗಪಡಿಸುವಂತಿಲ್ಲ. ಮಾಡಿದವರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವೇದಿಕೆಯ ಮುಂದೆ ಮೊಬೈಲ್ ಎತ್ತಿಹಿಡಿದು ನಿಲ್ಲುವವರೆಲ್ಲ ಇದನ್ನು ಓದಿರಲಾರರು. ಅದಕ್ಕೇ ಈ ಪತ್ರದಲ್ಲಿ ಅವಳ ಹೆಸರಿಲ್ಲ, ಅವಳ ಊರಿಲ್ಲ, ಕೆಳಗೆ ನನ್ನ ಹೆಸರೂ ಇಲ್ಲ. ಮನೆಯಲ್ಲಿ ಅವಳನ್ನು ಅವ್ವಿ ಎನ್ನುತ್ತೇವೆ. ನಮ್ಮ ಕಡೆ ಓಣಿಗೆ ನಾಲ್ಕು ಅವ್ವಿಯರು ಇರುತ್ತಾರೆ, ಹಾಗಾಗಿ ಚಿಂತೆಯಿಲ್ಲ.

ಇನ್ನೊಂದು ಕಾರಣ ಫಲಕದ ಮೇಲಿನ ಆ ಮಾತು. ಕರೆಯೋಲೆಯಲ್ಲೂ ಅದೇ ಇತ್ತು. ನಾನು ತ್ಯಾಗ ಮಾಡಿದ್ದೇನು ಎಂದು ಹೊಲಿಗೆ ಯಂತ್ರದ ಮುಂದೆ ಕುಳಿತು ಎರಡು ದಿನ ಲೆಕ್ಕ ಹಾಕಿದೆ. ಕೆಲವು ಮದುವೆಯ ಊಟಗಳು ತಪ್ಪಿವೆ. ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ ಹೋಗುವ ರೂಢಿ ಬಿಟ್ಟುಹೋಗಿದೆ. ಮೊದಲ ವರ್ಷ ನಿದ್ದೆ ಕೆಟ್ಟಿದೆ. ಇಷ್ಟೇ. ಬಂದದ್ದರ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಏಕೆಂದರೆ ತ್ಯಾಗ ಎಂದ ಕೂಡಲೇ ಜನ ಕೈಮುಗಿದು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. ಮುಗಿದ ಕೈ ಕೆಲಸಕ್ಕೆ ಬರುವುದಿಲ್ಲ.

ಐದು ವರ್ಷದ ಹಿಂದೆ ಮಕ್ಕಳ ಪಾಲನಾ ಸಂಸ್ಥೆಯೊಂದಕ್ಕೆ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಟೇಪು ಹಿಡಿದು ಅಳತೆ ತೆಗೆಯುತ್ತಿದ್ದೆ. ನಿಲ್ಲಲಾಗದ ಒಬ್ಬಳು ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದಳು. ಆರು ವರ್ಷ. ‘ಅವಳಿಗೆ ಬೇಡ, ಅವಳು ಶಾಲೆಗೆ ಹೋಗುವುದಿಲ್ಲ’ ಎಂದರು ಅಲ್ಲಿದ್ದವರು. ನಾನು ಮುಂದಿನ ಹುಡುಗನ ಭುಜಕ್ಕೆ ಟೇಪು ಹಿಡಿದೆ. ಚಾಪೆಯಿಂದ ದನಿ ಬಂತು.

‘ನನಗೂ ಒಂದು ಹೊಲಿಯಿರಿ. ಎರಡು ಜೇಬು ಇಡಿ.’

‘ಜೇಬಿನಲ್ಲಿ ಏನಿಡುತ್ತೀಯವ್ವಾ?’

‘ಇನ್ನೂ ಗೊತ್ತಿಲ್ಲ.’

ಆ ಎರಡು ಜೇಬಿನ ಫ್ರಾಕು ಕೊಡಲು ಹೋದವಳು ಮತ್ತೆ ಮತ್ತೆ ಹೋದೆ. ಮಗ ಕೆಲಸ ಸಿಕ್ಕಿ ಪುಣೆಗೆ ಹೋಗಿ ಒಂದು ವರ್ಷವಾಗಿತ್ತು. ನಮ್ಮ ಮನೆಯವರಿಗೆ ಬೈಕ್ ರಿಪೇರಿ ಅಂಗಡಿ. ರಕ್ತ ಕಂಡರೆ ಬೆವರುವ ಮನುಷ್ಯ. ‘ನೋಡಿಕೊಳ್ಳುವುದು ನಮ್ಮಿಂದ ಆಗುತ್ತದೆಯೇ?’ ಎಂದು ಅವರು ಕೇಳಿದರೇ ಹೊರತು ‘ಯಾಕೆ ಬೇಕು?’ ಎಂದು ಕೇಳಲಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟೆವು. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ಅಡುಗೆಮನೆ, ಪಾಯಖಾನೆ, ಬ್ಯಾಂಕ್ ಪುಸ್ತಕ ನೋಡಿದರು. ನಾವಿಬ್ಬರೂ ಜಗಳವಾಡಿದರೆ ಯಾರು ಮೊದಲು ಮಾತಾಡಿಸುತ್ತೇವೆ ಎಂಬುದನ್ನೂ ಕೇಳಿದರು. ಪೊಲೀಸ್ ಪರಿಶೀಲನೆ, ನಮ್ಮ ಆರೋಗ್ಯದ ಪ್ರಮಾಣಪತ್ರ ಎಲ್ಲ ಆಯಿತು. ಕೊನೆಗೆ ಮಕ್ಕಳ ಕಲ್ಯಾಣ ಸಮಿತಿಯವರು ಅವಳನ್ನೇ ಕೂರಿಸಿಕೊಂಡು ಕೇಳಿದರು. ‘ಹೋಗುತ್ತೇನೆ, ಆದರೆ ಜೇಬಿನ ಫ್ರಾಕು ಒಯ್ಯುತ್ತೇನೆ’ ಎಂದಳಂತೆ.

ಅವ್ವಿಗೆ ಇರುವುದು ಸ್ಪೈನಾ ಬೈಫಿಡಾ. ಗರ್ಭ ನಿಂತ ಮೊದಲ 28 ದಿನಗಳೊಳಗೆ ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳಬೇಕು. ಅವಳದು ಸೊಂಟದ ಹತ್ತಿರ ಮುಚ್ಚಿಕೊಳ್ಳಲಿಲ್ಲ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಬೆನ್ನಿನ ಹೊಲಿಗೆ ಎರಡು ಬೆರಳಿನಷ್ಟು ಬಿಟ್ಟುಹೋಗಿದೆ. ಅಲ್ಲಿಂದ ಕೆಳಗೆ ನರಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಲಿನಲ್ಲಿ ಬಲ ಕಡಿಮೆ, ಪಾದಕ್ಕೆ ಸ್ಪರ್ಶವೇ ಇಲ್ಲ. ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ, ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ಮೂರು-ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆ ಹಾಕಿ ಮೂತ್ರ ತೆಗೆಯಬೇಕು, ಇಲ್ಲದಿದ್ದರೆ ಸೋಂಕಾಗಿ ಮೂತ್ರಪಿಂಡಕ್ಕೇ ಕುತ್ತು. ಇದರ ಜೊತೆಗೆ ತಲೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆಯೂ ಇತ್ತು. ಅದಕ್ಕೆ ಹಸುಗೂಸಾಗಿದ್ದಾಗಲೇ ಮಿದುಳಿನಿಂದ ಹೊಟ್ಟೆಗೆ ಚರ್ಮದ ಅಡಿಯಲ್ಲಿ ಒಂದು ಸಣ್ಣ ಕೊಳವೆ ಇಟ್ಟಿದ್ದಾರೆ, ಶಂಟ್ ಎಂದು ಅದರ ಹೆಸರು.

ಇಲ್ಲಿ ಒಂದು ಅಡ್ಡಮಾತು. ಮದುವೆಯಾಗಿ ಮಗುವಿಗೆ ಮನಸ್ಸು ಮಾಡಿರುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮುಟ್ಟು ನಿಂತದ್ದು ಗೊತ್ತಾಗಿ, ಅತ್ತೆಗೆ ಹೇಳಿ, ಆಶಾ ಕಾರ್ಯಕರ್ತೆ ಬರುವ ಹೊತ್ತಿಗೆ ಆ 28 ದಿನಗಳು ಕಳೆದೇ ಹೋಗಿರುತ್ತವೆ. ಅಂಗಡಿಗೆ ಮದುವೆಯ ರವಿಕೆ ಹೊಲಿಸಲು ಬರುವ ಹುಡುಗಿಯರಿಗೆಲ್ಲ ಇದನ್ನು ಹೇಳುತ್ತೇನೆ. ಒಮ್ಮೆ ಅವ್ವಿ ಕೇಳಿಸಿಕೊಂಡು ‘ಹಾಗಾದರೆ ನನ್ನಂಥವರು ಹುಟ್ಟಬಾರದೇ?’ ಎಂದಳು. ‘ನಿನ್ನಂಥವರು ಹುಟ್ಟಬೇಕು, ಬೆನ್ನು ಮಾತ್ರ ಪೂರ್ತಿ ಹೊಲಿದಿರಬೇಕು’ ಎಂದೆ. ಆ ಉತ್ತರ ಅವಳಿಗೆ ಒಪ್ಪಿತೋ ಇಲ್ಲವೋ, ಮುಂದೆ ಕೇಳಲಿಲ್ಲ.

ಕ್ಯಾಥೆಟರ್ ಹಾಕುವುದನ್ನು ನನಗೆ ಒಬ್ಬ ನರ್ಸಮ್ಮ ಮೂರು ದಿನ ಕಲಿಸಿದರು. ಕೈ ತೊಳೆಯುವುದೇ ಅರ್ಧ ಪಾಠ. ನಾಲ್ಕನೆಯ ದಿನ ಮನೆಯಲ್ಲಿ ನಾನೊಬ್ಬಳೇ. ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ನಡುಗಿತು. ಅವ್ವಿ ಮಲಗಿದಲ್ಲಿಂದಲೇ ನನ್ನ ಮುಖ ನೋಡಿ ಹೇಳಿದಳು: ‘ದೊಡ್ಡವ್ವ, ಉಸಿರು ಬಿಡು. ಸಿಸ್ಟರ್ ಉಸಿರು ಹಿಡಿದುಕೊಳ್ಳುತ್ತಿರಲಿಲ್ಲ.’ ಆಮೇಲೆ ಆದದ್ದು ಇಷ್ಟೇ: ಮೊದಲ ವಾರ ಅರ್ಧ ಗಂಟೆ, ಎರಡನೆಯ ತಿಂಗಳು ಐದು ನಿಮಿಷ. ಈಗ ಕುಪ್ಪಸದ ಗುಂಡಿ ಹಾಕುವಷ್ಟು ಹೊತ್ತೂ ಬೇಡ. ಇದನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ‘ನಾವು ನರ್ಸ್ ಓದಿದವರಲ್ಲ’ ಎಂದು ಹಿಂದೆ ಸರಿಯುವವರೇ ಹೆಚ್ಚು. ನಾನು ಏಳನೆಯ ಇಯತ್ತೆ. ಓದಿ ಕಲಿತದ್ದಲ್ಲ ಇದು, ಕೈ ಕಲಿತದ್ದು.

ತಪ್ಪನ್ನೂ ಹೇಳಬೇಕು. ಮೊದಲ ಬೇಸಿಗೆಯಲ್ಲಿ ಅವಳಿಗೆ ಸುಟ್ಟ ಗಾಯವಾಯಿತು, ಅದು ನನ್ನದೇ ಅಜಾಗ್ರತೆ. ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಮೇ ತಿಂಗಳ ಮಧ್ಯಾಹ್ನ ಅದು ರೊಟ್ಟಿಯ ಹಂಚಿನ ಹಾಗೆ ಕಾಯುವುದು ನಿಮಗೆಲ್ಲ ಗೊತ್ತು. ಬೆಕ್ಕಿನ ಮರಿಯ ಹಿಂದೆ ತೆವಳಿಕೊಂಡು ಹೋದವಳು ನೆರಳಿಲ್ಲದ ಕಡೆ ಕುಳಿತು ಆಡುತ್ತಲೇ ಇದ್ದಳು. ಅಳಲಿಲ್ಲ, ಕೂಗಲಿಲ್ಲ. ನೋವು ತಿಳಿಯದ ಪಾದ ಕೂಗುವುದಾದರೂ ಹೇಗೆ? ಸಂಜೆ ಕಾಲು ತೊಳೆಯುವಾಗ ಎರಡೂ ಹಿಮ್ಮಡಿಯಲ್ಲಿ ಗುಳ್ಳೆಗಳಿದ್ದವು. ಗಾಯ ಮಾಯಲು ಆರು ವಾರ ಹಿಡಿಯಿತು. ಅಂದಿನಿಂದ ರಾತ್ರಿ ಮಲಗುವ ಮುನ್ನ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಬೆರಳ ಸಂದಿಯನ್ನೂ ನೋಡುತ್ತೇನೆ. ಮೊದಲು ಅದು ಭಯದ ಕೆಲಸವಾಗಿತ್ತು. ಈಗ ಅದು ನಮ್ಮಿಬ್ಬರ ಮಾತಿನ ಹೊತ್ತು. ಶಾಲೆಯ ಗುಟ್ಟು, ಗೆಳತಿಯ ಜೊತೆಗಿನ ಮುನಿಸು, ಎಲ್ಲ ಹೊರಬರುವುದು ಪಾದ ನನ್ನ ತೊಡೆಯ ಮೇಲಿದ್ದಾಗಲೇ. ಮಗನನ್ನು ಬೆಳೆಸುವಾಗ ದಿನಕ್ಕೆ ಹೀಗೆ ಹತ್ತು ನಿಮಿಷ ನನಗೆ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದು ಸುಳ್ಳು, ನಾನು ಎತ್ತಿಡಲಿಲ್ಲ.

ಇನ್ನೊಂದು ವಿಷಯ ಯಾರೂ ಮೊದಲು ಹೇಳಿರಲಿಲ್ಲ. ಈ ಮಕ್ಕಳಲ್ಲಿ ಬಹಳ ಮಂದಿಗೆ ರಬ್ಬರಿನ ಅಲರ್ಜಿ ಬರುತ್ತದೆ, ಲ್ಯಾಟೆಕ್ಸ್ ಎನ್ನುತ್ತಾರೆ. ಆಸ್ಪತ್ರೆಯ ಕೈಗವಸು, ಬಲೂನ್ ಎರಡೂ ದೂರವಿರಬೇಕು. ಹಾಗಾಗಿ ನಮ್ಮ ಮನೆಯ ಹುಟ್ಟುಹಬ್ಬಕ್ಕೆ ಬಲೂನ್ ಇಲ್ಲ, ಅಂಗಡಿಯ ಚಿಂದಿ ಬಟ್ಟೆಯ ತೋರಣ. ಓಣಿಯ ಮಕ್ಕಳೆಲ್ಲ ಈಗ ತಮ್ಮ ಹುಟ್ಟುಹಬ್ಬಕ್ಕೂ ಅದನ್ನೇ ಕೇಳುತ್ತಾರೆ. ತುಂಡು ಬಟ್ಟೆಗೆ ಇಷ್ಟು ಬೇಡಿಕೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಕಸುಬಿನ ಮಾತು ಬಂತು, ಲಾಭದ ಮಾತೂ ಆಗಿಬಿಡಲಿ. ನಾನು ಮೂವತ್ತು ವರ್ಷ ನಿಂತವರ ಅಳತೆ ತೆಗೆದವಳು. ಕುಳಿತವರ ಅಳತೆ ಬೇರೆ ಎಂಬುದನ್ನು ಅವ್ವಿಯಿಂದ ಕಲಿತೆ. ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ಪೈಜಾಮದ ಹಿಂಭಾಗ ಎತ್ತರವಿರಬೇಕು, ಮುಂಭಾಗ ತಗ್ಗಿರಬೇಕು. ಕುಳಿತಾಗ ಕಾಲಿನ ಉದ್ದ ಮೇಲೇರುತ್ತದೆ, ಅಷ್ಟು ಹೆಚ್ಚಿಗೆ ಬಿಡಬೇಕು. ಕೂರುವ ಜಾಗದಲ್ಲಿ ದಪ್ಪ ಹೊಲಿಗೆಯಾಗಲೀ ಗುಂಡಿಯಾಗಲೀ ಬರಬಾರದು, ಸ್ಪರ್ಶವಿಲ್ಲದ ಚರ್ಮ ಅಲ್ಲೇ ಹುಣ್ಣಾಗುತ್ತದೆ. ಕ್ಯಾಲಿಪರ್, ಅಂದರೆ ಕಾಲಿಗೆ ಆಧಾರ ಕೊಡುವ ಪಟ್ಟಿ, ಹಾಕುವ ಕಾಲಿಗೆ ಸೊಂಟದಿಂದ ಪಾದದವರೆಗೆ ಪಕ್ಕದಲ್ಲಿ ವೆಲ್ಕ್ರೊ ಇಟ್ಟರೆ ಪೂರ್ತಿ ಬಿಚ್ಚುವ ತಾಪತ್ರಯವಿಲ್ಲ. ಫಿಸಿಯೊಥೆರಪಿಗೆ ಬರುವ ಬೇರೆ ತಾಯಂದಿರು ಅವ್ವಿಯ ಬಟ್ಟೆ ನೋಡಿ ಕೇಳತೊಡಗಿದರು. ಈಗ ಹುಮನಾಬಾದಿನಿಂದ, ಸುರಪುರದಿಂದ ಬಸ್ಸಿನಲ್ಲಿ ಬಟ್ಟೆ ಬರುತ್ತದೆ, ಹೊಲಿದು ಬಸ್ಸಿಗೇ ಹಾಕಿ ಕಳುಹಿಸುತ್ತೇನೆ. ಪ್ರತಿಯೊಂದಕ್ಕೂ ಎರಡು ಜೇಬು. ಅದು ಅವ್ವಿಯ ಷರತ್ತು.

ಒಂದು ಚಳಿಗಾಲದ ಸಂಜೆ ಅವಳು ಶಾಲೆಯಿಂದ ತಲೆನೋವು ಎಂದು ಬಂದಳು. ಎರಡು ಸಲ ವಾಂತಿಯಾಯಿತು. ಅಜೀರ್ಣ ಎಂದುಕೊಳ್ಳಬಹುದಿತ್ತು. ಆದರೆ ಅವಳು ಬೆಕ್ಕನ್ನು ಕರೆಯಲಿಲ್ಲ. ಬೆಕ್ಕು ತಾನಾಗಿ ಮಡಿಲಿಗೆ ಬಂದರೂ ಕೈ ಎತ್ತಲಿಲ್ಲ, ಕಣ್ಣು ಎಳೆಯುತ್ತಿತ್ತು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಪಿತ್ತ ಎಂದು ಚುಚ್ಚುಮದ್ದು ಕೊಟ್ಟು ಬೆಳಿಗ್ಗೆ ಬನ್ನಿ ಎಂದರು. ನಾನು ಶಂಟ್ ಎಂದೆ, ಅವರು ನನ್ನ ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನು ನೋಡಿದರು. ಆಗ ನಮ್ಮ ಮನೆಯವರು, ರಕ್ತ ಕಂಡರೆ ಬೆವರುವ ಆ ಮನುಷ್ಯ, ಬಾಗಿಲಿಗೆ ಅಡ್ಡ ನಿಂತರು. ‘ಪೆಟ್ರೋಲ್ ಪೈಪಿನಲ್ಲಿ ಕಸ ಕೂತರೆ ಗಾಡಿ ಹೀಗೇ ಮಾಡುತ್ತದೆ. ಒಂದು ಸ್ಕ್ಯಾನ್ ಆಗಲಿ, ಪೈಪ್ ಸರಿಯಾಗಿದ್ದರೆ ನಾನೇ ಕೈಮುಗಿದು ಹೋಗುತ್ತೇನೆ’ ಎಂದರು. ಸ್ಕ್ಯಾನ್ ಆಯಿತು. ಪೈಪ್ ಕಟ್ಟಿಕೊಂಡಿತ್ತು. ಆ ರಾತ್ರಿಯೇ ಆಂಬುಲೆನ್ಸಿನಲ್ಲಿ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋದೆವು. ಬೆಳಗಿನ ಜಾವ ಶಸ್ತ್ರಚಿಕಿತ್ಸೆ ಮಾಡಿ ಕಟ್ಟಿಕೊಂಡ ಭಾಗವನ್ನು ಬದಲಾಯಿಸಿದರು. ಎಚ್ಚರವಾದಾಗ ಅವಳ ಮೊದಲ ಮಾತು: ‘ಎಷ್ಟು ಕೂದಲು ಕತ್ತರಿಸಿದರು?’ ಎರಡನೆಯದು: ‘ದೊಡ್ಡಪ್ಪ ಅತ್ತರೇ?’

ಅತ್ತಿದ್ದರು. ಅವರು ತಮ್ಮ ತಂದೆ ತೀರಿದಾಗಲೂ ಜನರ ಮುಂದೆ ಅತ್ತವರಲ್ಲ.

ನನಗೆ ದಕ್ಕಿದ್ದು ಏನು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ: ನೋಡುವುದನ್ನು ಕಲಿತೆ. ಮೂತ್ರದ ಬಣ್ಣ, ಕಣ್ಣಿನ ಮಂಪರು, ಬೆಕ್ಕನ್ನು ಕರೆಯದ ಸಂಜೆ. ಹೀಗೆ ಒಬ್ಬಳನ್ನು ನೋಡಲು ಕಲಿತ ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ. ಪುಣೆಯಿಂದ ಮಗ ಒಂದು ದಿನ ಫೋನಿನಲ್ಲಿ, ‘ಅವ್ವ, ಮೊದಲು ನೀನು ಊಟವಾಯಿತೇ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಈಗ ದನಿ ಯಾಕೆ ಹೀಗಿದೆ ಎನ್ನುತ್ತೀಯಲ್ಲ’ ಎಂದ. ಅವನ ಕೆಲಸದ ಕಷ್ಟ ಅಂದು ಮೊದಲ ಸಲ ನನ್ನ ಕಿವಿಗೆ ಬಿತ್ತು. ಅವ್ವಿ ಬರದಿದ್ದರೆ ನನ್ನ ಹೊಟ್ಟೆಯ ಮಗನೂ ನನಗೆ ಇಷ್ಟು ಸಿಗುತ್ತಿರಲಿಲ್ಲ.

ಶಾಲೆಯ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಕೇಳಿದ ಕಡೆ ‘ಇಂಥವರಿಗೆ ಬೇರೆ ಶಾಲೆ ಇರುತ್ತದೆ’ ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡುತ್ತದೆ, ಹತ್ತಿರದ ಶಾಲೆಯಲ್ಲೇ ಓದಬಹುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇನ್ನೊಂದು ಸರ್ಕಾರಿ ಶಾಲೆಗೆ ಹೋದೆವು. ಅಲ್ಲಿನ ಮುಖ್ಯ ಶಿಕ್ಷಕಿ ಹೆಚ್ಚು ಮಾತಾಡಲಿಲ್ಲ, ಒಂದು ಸಣ್ಣ ಕೋಣೆ ತೋರಿಸಿ ‘ಇದಕ್ಕೆ ಒಳಗಿನಿಂದ ಅಗಳಿ ಹಾಕಿಸಿದರೆ ಸಾಕಲ್ಲವೇ?’ ಎಂದರು. ಸಾಕಾಯಿತು. ಇಳಿಜಾರಿಗೆ ನಮ್ಮ ಮನೆಯವರು ಶಹಾಬಾದ್ ಕಲ್ಲನ್ನೇ ತಂದು ಹಾಕಿದರು. ಅವಳ ಪಾದ ಸುಟ್ಟ ಕಲ್ಲಿನ ಮೇಲೆ ಅವಳ ಗಾಲಿ ಓಡುತ್ತದೆ.

ಮೊದಲೆರಡು ವರ್ಷ ದಿನಕ್ಕೆ ಎರಡು ಸಲ ನಾನೇ ಶಾಲೆಗೆ ಹೋಗಿ ಕ್ಯಾಥೆಟರ್ ಹಾಕಿ ಬರುತ್ತಿದ್ದೆ. ಎಂಟು ತುಂಬಿದ ಮೇಲೆ ಒಂದು ದಿನ ಅವಳು ಪುಟ್ಟ ಕನ್ನಡಿ ಕೇಳಿದಳು. ಜಡೆಗಿರಬೇಕೆಂದು ಕೊಟ್ಟೆ. ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಹೊರಗೆ ಬರಲಿಲ್ಲ. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ. ಹೊರಗೆ ಬಂದವಳು ‘ಆಯಿತು. ನೀನು ನಾಳೆಯಿಂದ ಶಾಲೆಗೆ ಬರಬೇಡ, ಎಲ್ಲರೂ ನೋಡುತ್ತಾರೆ’ ಎಂದಳು. ಅಷ್ಟು ಒಳ್ಳೆಯ ಮಾತನ್ನು ಅಷ್ಟು ಸಿಟ್ಟಿನ ದನಿಯಲ್ಲಿ ನಾನು ಕೇಳಿದ್ದೇ ಇಲ್ಲ. ಜೇಬಿನಲ್ಲಿ ಏನಿಡುತ್ತೀ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಒಂದರಲ್ಲಿ ಕ್ಯಾಥೆಟರ್ ಚೀಲ, ಇನ್ನೊಂದರಲ್ಲಿ ಕನ್ನಡಿ.

ಈಗ ಅವಳ ತಾಯಿಯ ಮಾತು. ಜನ ಮೊದಲು ಕೇಳುವುದು ಇದನ್ನೇ: ‘ಎಂಥ ತಾಯಿ, ಬಿಟ್ಟುಹೋದಳಲ್ಲ?’ ಆಕೆ ಬಿಟ್ಟುಹೋಗಿಲ್ಲ. ಗಂಡ ತೀರಿದ ಮೇಲೆ ನಮ್ಮ ಕಡೆಯ ನೂರಾರು ಜನರಂತೆ ಗಂಟು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದಾಕೆ. ಮರಳಿನ ರಾಶಿಯ ಪಕ್ಕ, ತಗಡಿನ ಶೆಡ್ಡಿನಲ್ಲಿ, ಮೂರು-ನಾಲ್ಕು ಗಂಟೆಗೊಮ್ಮೆ ಸಾಬೂನಿನಿಂದ ಕೈ ತೊಳೆದು ಕ್ಯಾಥೆಟರ್ ಹಾಕುವುದು ಯಾರಿಂದ ಸಾಧ್ಯ? ಎರಡು ಸಲ ಸೋಂಕಾಗಿ ಮಗು ಸಾಯುವಂತಾದಾಗ ತಾನೇ ಹೊತ್ತು ತಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂರಿಸಿದಳು. ಹಕ್ಕು ಬಿಟ್ಟುಕೊಟ್ಟಿಲ್ಲ, ಹಾಗಾಗಿ ಅವ್ವಿ ದತ್ತು ಹೋಗುವ ಮಗುವಲ್ಲ. ಪೋಷಕತ್ವ ಇರುವುದೇ ಇಂಥ ಮಕ್ಕಳಿಗೆ. ಹೆತ್ತವರು ಬಂದು ನೋಡಲು ಕಾನೂನಿನಲ್ಲೇ ಅವಕಾಶವಿದೆ.

ಮೊದಲ ಸಲ ಆಕೆ ಬಂದಾಗ ನನಗೆ ಹೊಟ್ಟೆಕಿಚ್ಚಾಯಿತು, ಒಪ್ಪಿಕೊಳ್ಳುತ್ತೇನೆ. ಅವ್ವಿ ನನ್ನ ಮಡಿಲಿನಿಂದ ಆಕೆಯ ಮಡಿಲಿಗೆ ಒಂದು ಕ್ಷಣವೂ ಯೋಚಿಸದೆ ಜಿಗಿದಳು. ನಾನು ಅಡುಗೆಮನೆಗೆ ಹೋಗಿ ಪುಂಡಿಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಊಟದ ಹೊತ್ತಿಗೆ ಆಕೆ ಒಂದು ತುತ್ತು ತಿಂದು ‘ಅಕ್ಕಾ, ಪಲ್ಯ ಚೆನ್ನಾಗಿದೆ’ ಎಂದಳು. ಅಷ್ಟು ಉಪ್ಪಿನ ಪಲ್ಯವನ್ನು ಚೆನ್ನಾಗಿದೆ ಎನ್ನುವವಳ ಜೊತೆ ಜಗಳವಾಡುವುದು ಹೇಗೆ? ಅದಾದ ಮೇಲೆ ಪ್ರತಿ ನಾಗರಪಂಚಮಿಗೆ ಬರುತ್ತಾಳೆ. ಹೆತ್ತವರಿಲ್ಲದ ಆಕೆಗೆ ನಮ್ಮದೇ ತವರು. ಉಂಡಿ ಕಟ್ಟುತ್ತೇವೆ, ಅಳ್ಳಿಟ್ಟು ಮಾಡುತ್ತೇವೆ, ಬೇವಿನ ಮರಕ್ಕೆ ಜೋಕಾಲಿ ಹಾಕುತ್ತೇವೆ. ನಮ್ಮ ಮನೆಯವರು ಜೋಕಾಲಿಗೆ ಹಳೆಯ ಬೈಕಿನ ಸೀಟು ಕಟ್ಟಿ ಬೆಲ್ಟ್ ಜೋಡಿಸಿದ್ದಾರೆ. ತಾಯಿಯ ಎದೆಗೆ ಒರಗಿ ಅವ್ವಿ ಜೀಕುತ್ತಾಳೆ. ನಾನು ಒಬ್ಬಳೇ ಮಗಳಾಗಿ ಹುಟ್ಟಿದವಳು, ಐವತ್ತರ ಹೊತ್ತಿಗೆ ತಂಗಿ ಸಿಕ್ಕಳು. ಇದನ್ನು ನಿಮ್ಮ ಫಲಕದಲ್ಲಿ ಎಲ್ಲಿ ಬರೆಯುತ್ತೀರಿ?

‘ನಾಳೆ ಕರೆದುಕೊಂಡು ಹೋದರೆ?’ ಎಂಬುದು ಜನರ ಎರಡನೆಯ ಪ್ರಶ್ನೆ. ಹೋಗಬಹುದು. ಅವ್ವಿ ಈಗ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾಳೆ. ಆಕೆಗೂ ಅಡುಗೆ ಕೆಲಸ ಸಿಕ್ಕಿದೆ, ಬಾಡಿಗೆಗೆ ನೀರಿನ ನಲ್ಲಿಯಿರುವ ಕೋಣೆ ಹುಡುಕುತ್ತಿದ್ದಾಳೆ. ಸಮಿತಿ ಒಪ್ಪಿದರೆ ಒಂದು ದಿನ ಕಳುಹಿಸಿಕೊಡುತ್ತೇವೆ. ಕಳುಹಿಸಲಿಕ್ಕೆಂದೇ ಹೆಣ್ಣುಮಕ್ಕಳನ್ನು ಬೆಳೆಸಿ, ಮಡಿಲಕ್ಕಿ ತುಂಬಿ, ಬಸ್ಸು ತಿರುವು ದಾಟುವವರೆಗೆ ನಿಂತು ನೋಡುವ ನಾಡು ನಮ್ಮದು. ನಾವೇ ಇದಕ್ಕೆ ಹೆದರಿದರೆ ಹೇಗೆ?

ಎಲ್ಲ ಸುಲಭ ಎಂದು ಹೇಳಿ ಯಾರನ್ನೂ ಬಲೆಗೆ ಬೀಳಿಸುವುದಿಲ್ಲ. ನಮ್ಮ ಭಾಷೆಯಲ್ಲಿ ‘ಸಾಕು’ ಎಂದರೆ ಬೆಳೆಸು ಎಂದೂ ಹೌದು, ಇನ್ನು ಬೇಡ ಎಂದೂ ಹೌದು. ಒಂದೇ ದಿನದಲ್ಲಿ ಎರಡೂ ಅರ್ಥ ಬಾಯಿಗೆ ಬಂದದ್ದಿದೆ. ಜ್ವರದ ರಾತ್ರಿಗಳಿವೆ, ಹೊಟ್ಟೆ ಕಟ್ಟಿಕೊಂಡು ಇಡೀ ಮನೆ ಪಾಯಖಾನೆಯ ಸುತ್ತ ತಿರುಗುವ ಭಾನುವಾರಗಳಿವೆ. ಒಂದು ರಂಜಾನಿನಲ್ಲಿ ನಾನೇ ವಾರಗಟ್ಟಲೆ ಜ್ವರದಿಂದ ಮಲಗಿದ್ದೆ. ಪಕ್ಕದ ಮನೆಯ ಆಪಾ ಸಹರಿ ಮುಗಿಸಿ, ಕತ್ತಲಿರುವಾಗಲೇ ಬಂದು ಅವ್ವಿಯ ಬೆಳಗಿನ ಕೆಲಸ ಮುಗಿಸಿ ಹೋಗುತ್ತಿದ್ದರು. ಅವರಿಗೆ ನಾನೇ ಕಲಿಸಿದ್ದೆ, ಆ ಒಂದು ಮಧ್ಯಾಹ್ನ ಕಲಿಸಿದ್ದು ನನ್ನ ಪ್ರಾಣ ಉಳಿಸಿತು. ನಿಮ್ಮ ಫಲಕ ನಿಜವಾಗಿ ಆಪಾರಿಗೆ ಸೇರಬೇಕು. ಕೊಡಲು ಹೋದೆ, ಅವರು ನಕ್ಕು ಬಾಗಿಲು ಹಾಕಿಕೊಂಡರು.

ಇನ್ನು ಅಧಿಕಾರದಲ್ಲಿರುವವರಿಗೆ. ಮಕ್ಕಳ ರಕ್ಷಣೆಗೆಂದು ಇರುವ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪೋಷಕತ್ವದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಆರೋಗ್ಯವಾಗಿರುವ ಮಗುವಿಗೂ ಅಷ್ಟೇ, ಕ್ಯಾಥೆಟರ್, ಡೈಪರ್, ಕ್ಯಾಲಿಪರ್ ಬೇಕಾದ ಮಗುವಿಗೂ ಅಷ್ಟೇ ಎಂದರೆ ಅದು ಸಮಾನತೆಯಲ್ಲ, ಲೆಕ್ಕ ಬಾರದಿರುವುದು. ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ನನಗೆ ನರ್ಸಮ್ಮ ಮೂರು ದಿನ ಕಲಿಸಿದ ಹಾಗೆ, ತಿಂಗಳಿಗೊಂದು ದಿನ ಅಲ್ಲಿ ಮನೆಯವರಿಗೆ ಕಲಿಸಿರಿ: ಮೂಗಿನ ನಳಿಕೆಯಿಂದ ಉಣಿಸುವುದು, ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡುವುದು, ಗಂಟಲಿನ ಕೊಳವೆಯ ಕಫ ತೆಗೆಯುವುದು. ನಮಗೊಬ್ಬರಿಗೇ ಅಲ್ಲ, ನಮ್ಮ ಆಪಾಗಳಿಗೂ ಕಲಿಸಿರಿ. ಆಗ ನಮಗೆ ವರ್ಷಕ್ಕೆ ನಾಲ್ಕು ದಿನ ಊರಿಗೆ ಹೋಗಿಬರಲು ಸಾಧ್ಯವಾಗುತ್ತದೆ. ಹೈದರಾಬಾದಿನ ಆ ರಾತ್ರಿ ಶಸ್ತ್ರಚಿಕಿತ್ಸೆಗೆ ಸಹಿ ಯಾರದು ಎಂಬ ಪ್ರಶ್ನೆಯಲ್ಲಿ ನಲವತ್ತು ನಿಮಿಷ ಹೋಯಿತು. ಸಮಿತಿಯ ಆದೇಶದ ಪ್ರತಿ ಕೈಯಲ್ಲಿದ್ದು, ಫೋನಿಗೆ ಒಬ್ಬರು ಸಿಕ್ಕದ್ದರಿಂದ ಉಳಿದೆವು. ತುರ್ತು ಹೊತ್ತಿನಲ್ಲಿ ಯಾರು ಒಪ್ಪಿಗೆ ಕೊಡಬೇಕು ಎಂಬುದನ್ನು ಆದೇಶದ ಮೊದಲ ಪುಟದಲ್ಲೇ, ಓದಲು ಬರುವ ಕನ್ನಡದಲ್ಲಿ, ಪಕ್ಕದ ರಾಜ್ಯದ ವೈದ್ಯರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲೂ ಬರೆದುಕೊಡಿ. ಮಗುವನ್ನು ಕೊಡುವಾಗ ಅದರ ಕಾಯಿಲೆಯ ಪೂರ್ತಿ ಕಡತ ಕೊಡಿ. ಹೆದರಿಸಿಬಿಡುತ್ತದೆಂದು ಅರ್ಧ ಮುಚ್ಚಿಡಬೇಡಿ. ರಬ್ಬರಿನ ವಿಷಯ ನನಗೆ ಅವಳ ತುಟಿ ಊದಿಕೊಂಡ ಮೇಲೆ ತಿಳಿಯಿತು.

ತಿಂಗಳಿಗೊಮ್ಮೆ ಮಕ್ಕಳ ಕಲ್ಯಾಣ ಸಮಿತಿಯ ಕಡೆಯಿಂದ ಮನೆ ನೋಡಲು ಬರಬೇಕೆಂಬುದು ಕಾನೂನು. ಮೊದಲು ಅದು ನನಗೆ ಅನುಮಾನದಂತೆ ಕಾಣುತ್ತಿತ್ತು. ಈಗ ಯಾರಾದರೂ ಬಂದು ಅವ್ವಿಯ ಲೆಕ್ಕದ ಪುಸ್ತಕ ನೋಡಿ, ಪಾದ ನೋಡಿ, ನನ್ನ ಚಹಾ ಕುಡಿದು ಹೋದರೆ ಆ ತಿಂಗಳ ಭಾರ ಅರ್ಧವಾಗುತ್ತದೆ. ತಪ್ಪದೆ ಬನ್ನಿ.

ಮನೆಯವರಿಗೆ ಕೊನೆಯ ಮಾಹಿತಿ. 2024ರ ಹೊಸ ಮಾರ್ಗಸೂಚಿಯಲ್ಲಿ ದಂಪತಿಗಳಷ್ಟೇ ಅಲ್ಲ, 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ, ವಿಧವೆಯರೂ, ವಿಚ್ಛೇದಿತರೂ ಪೋಷಕರಾಗಬಹುದು. ಒಂಟಿ ಗಂಡಸರಿಗೆ ಗಂಡು ಮಗುವನ್ನು ಮಾತ್ರ ಕೊಡುತ್ತಾರೆ. ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತವಾದರೆ, ಎರಡು ವರ್ಷ ಸಾಕಿದ ಮೇಲೆ ಅದೇ ಮನೆಯವರು ದತ್ತು ಪಡೆಯಲೂ ದಾರಿಯಿದೆ. ಕೇಳಬೇಕಾದದ್ದು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ. ನಮ್ಮ ಸಂಬಂಧಿಕಳೊಬ್ಬಳು, ಮಕ್ಕಳಿಲ್ಲದ ವಿಧವೆ, ಬೀದರಿನ ಕಡೆಯವಳು, ಪಂಚಮಿಗೆ ಬಂದಾಗ ಅವ್ವಿ ಕನ್ನಡಿ ಹಿಡಿದು ಒಳಗೆ ಹೋಗಿ ಬರುವುದನ್ನು ನೋಡುತ್ತ ಕುಳಿತಿದ್ದಳು. ಹೊರಡುವಾಗ ‘ಅರ್ಜಿ ಎಲ್ಲಿ ಕೊಡಬೇಕು?’ ಎಂದು ಕೇಳಿದಳು. ಕೊಟ್ಟಿದ್ದಾಳೆ.

ನೀವು ಕಳುಹಿಸಿದ ಶಾಲಿನ ವಿಷಯ ಉಳಿಯಿತು. ಬಟ್ಟೆ ಒಳ್ಳೆಯದು, ಮೆತ್ತಗಿದೆ, ಜರಿಯ ಅಂಚೂ ಗಟ್ಟಿಯಿದೆ. ತಪ್ಪು ತಿಳಿಯಬೇಡಿ, ಅದನ್ನು ಕತ್ತರಿಸಿದ್ದೇನೆ. ಅವ್ವಿಯ ಕ್ಯಾಥೆಟರ್ ಚೀಲ ಹಳತಾಗಿತ್ತು, ಹೊಸದೊಂದು ಹೊಲಿದೆ, ಒಳಗೆ ಒಗೆಯಬಹುದಾದ ಪ್ಲಾಸ್ಟಿಕ್ ಅಸ್ತರಿ, ಮೇಲೆ ನಿಮ್ಮ ಜರಿ. ನಿನ್ನೆ ಅವಳು ಅದನ್ನು ಜೇಬಿನಿಂದ ಅರ್ಧ ಕಾಣುವಂತೆ ಇಟ್ಟುಕೊಂಡು ಶಾಲೆಗೆ ಹೋದಳು. ಇನ್ನೂ ಮೂರು ಚೀಲಕ್ಕಾಗುವಷ್ಟು ಬಟ್ಟೆ ಉಳಿದಿದೆ. ಬೀದರಿಗೆ ಮಗು ಬರುವ ದಿನ ಗೊತ್ತಾದರೆ ಒಂದನ್ನು ಬಸ್ಸಿಗೆ ಹಾಕುತ್ತೇನೆ.

ಇಂತಿ,
ಕಲಬುರಗಿಯ ಒಂದು ಓಣಿಯಿಂದ, ಬಟ್ಟೆ ಹೊಲಿಯುವ ದೊಡ್ಡವ್ವ